ಸೆಪ್ಸಿಸ್ ಎಚ್ಚರಿಕೆ: ಕಂಪ್ಯೂಟರ್, ಮೊಬೈಲ್, ಬಣ್ಣದ ಚಾರ್ಟ್

ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ, ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುವ ಸ್ಥಿತಿ ಸೆಪ್ಸಿಸ್. ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಅದನ್ನು ಬೇಗ ಗುರುತಿಸಲು ಮೂರು ಬಗೆಯ ಎಚ್ಚರಿಕೆಗಳನ್ನು ಬಳಸಿ ನೋಡಿದ್ದೇವೆ. ಕೆಲವು ಕಾಲ ಮೂರೂ ಒಟ್ಟಿಗೆ ನಡೆದವು. ವಾರ್ಡಿನ ಹೊಣೆ ಹೊತ್ತ ನರ್ಸ್ ಆಗಿ ನನ್ನ ಮತ ಹಾಸಿಗೆಯ ಬುಡದಲ್ಲಿ ತೂಗುವ ಚಾರ್ಟಿಗೆ.

ಮೊದಲು ಬಂದದ್ದು ನರ್ಸಿಂಗ್ ಕೌಂಟರಿನ ಕಂಪ್ಯೂಟರಿನಲ್ಲಿ ಏಳುವ ಕೆಂಪು ಕಿಟಕಿ. ಅದರ ಆಧಾರ ಸಿರ್ಸ್ (SIRS) ಎಂಬ, ಮೈಯಿಡೀ ಹಬ್ಬಿದ ಉರಿಯೂತ ಗುರುತಿಸುವ ಹಳೆಯ ಮಾನದಂಡ: ಮೈ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ಮೀರುವುದು ಅಥವಾ 36ಕ್ಕಿಂತ ಇಳಿಯುವುದು, ನಿಮಿಷಕ್ಕೆ ನಾಡಿ 90 ದಾಟುವುದು, ಉಸಿರು 20 ದಾಟುವುದು, ಬಿಳಿ ರಕ್ತಕಣ 12,000 ಮೀರುವುದು ಅಥವಾ 4,000ಕ್ಕಿಂತ ಕಡಿಮೆಯಾಗುವುದು. ಇವುಗಳಲ್ಲಿ ಎರಡು ಸೇರಿದರೆ ಸಾಕು. ಮಳೆಗಾಲದಲ್ಲಿ ಡೆಂಗ್ಯೂ ರೋಗಿಗಳು ತುಂಬಿದಾಗ ಅರ್ಧ ವಾರ್ಡು ಈ ಲೆಕ್ಕಕ್ಕೆ ಬೀಳುತ್ತದೆ. ಡಿಸ್ಚಾರ್ಜ್ ಕಾಗದ ಟೈಪ್ ಮಾಡುತ್ತಿರುವವರ ಮುಂದೆ ಕಿಟಕಿ ಎದ್ದು ನಿಂತು, ಮುಚ್ಚಬೇಕಾದರೆ ಕಾರಣ ಬರೆಯಿರಿ ಎನ್ನುತ್ತದೆ. ಆ ಜಾಗದಲ್ಲಿ ಒಂದು ಚುಕ್ಕೆ ಒತ್ತಿದರೂ ಅದಕ್ಕೆ ಸಮಾಧಾನ. ದಾಖಲೆ ತೆಗೆದು ನೋಡಿದರೆ ಸಾಲುಸಾಲಾಗಿ ಚುಕ್ಕೆಗಳೇ.

ಡ್ಯೂಟಿ ಡಾಕ್ಟರ ಮೊಬೈಲಿಗೆ ಹೋಗುವ ಸಂದೇಶ ಇದಕ್ಕೆ ತದ್ವಿರುದ್ಧ. 2016ರಲ್ಲಿ ಬಂದ ಕ್ಯೂಸೋಫಾ (qSOFA) ಎಂಬ ಮೂರು ಅಂಶಗಳ ಚುಟುಕು ಅಳತೆ ಅದರ ಆಧಾರ: ಉಸಿರು 22 ಅಥವಾ ಹೆಚ್ಚು, ಬಿಪಿಯ ಮೇಲಿನ ಅಂಕಿ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ಏರುಪೇರು, ಎರಡು ಇದ್ದರೆ ಸಂದೇಶ. ಕಿರಿಕಿರಿ ಇಲ್ಲ. ಆದರೆ ಅದು ಬಾಯಿ ಬಿಡುವ ಹೊತ್ತಿಗೆ ರೋಗಿ ಐಸಿಯು ಬಾಗಿಲಲ್ಲಿರುತ್ತಾರೆ. ಇದೊಂದನ್ನೇ ನಂಬಿ ತಪಾಸಣೆ ನಡೆಸಬೇಡಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳಿದೆ.

ಚಾರ್ಟು ಬ್ರಿಟನ್ನಿನ ನ್ಯೂಸ್2 (NEWS2) ಎಂಬ ಅಂಕಪಟ್ಟಿ. ಉಸಿರು, ನಾಡಿ, ಬಿಪಿ ಮೊದಲಾದ ಏಳು ಅಂಶಗಳಿಗೆ ಅಂಕ; ಸಹಜದಿಂದ ದೂರವಾದಷ್ಟೂ ಅಂಕ ಹೆಚ್ಚು. ಒಟ್ಟು 5 ಆದರೆ ವೈದ್ಯರು ಬೇಗ ಬರಬೇಕು, 7 ಆದರೆ ತುರ್ತು. ನವಲಗುಂದ ಕಡೆಯ ಒಬ್ಬ ಅಜ್ಜಿಯ ವಿಷಯದಲ್ಲಿ ಮೂರರ ವ್ಯತ್ಯಾಸವೂ ಕಣ್ಣಿಗೆ ಕಂಡಿತು. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಜ್ವರವಿಲ್ಲ, ಮಾತು ನೆಟ್ಟಗಿದೆ. ಉಸಿರು 24, ನಾಡಿ 104, ಬಿಪಿ 108, ರಕ್ತದ ಆಮ್ಲಜನಕ ಶೇಕಡಾ 95. ಮೊಬೈಲ್ ಸುಮ್ಮನಿತ್ತು. ಕಂಪ್ಯೂಟರ್ ಕೂಗಿತ್ತು, ಯಾರೋ ಚುಕ್ಕೆ ಒತ್ತಿದ್ದರು. ಚಾರ್ಟಿನಲ್ಲಿ 2, 1, 1, 1 ಕೂಡಿ 5 ಆಯಿತು. ರಾತ್ರಿ ಪಾಳಿಯ ಹೊಸ ಹುಡುಗಿ ಫೋನ್ ಮಾಡಿ, “ಸರ್, ಅಜ್ಜಿಯ ಸ್ಕೋರ್ ಐದು, ಬಂದು ನೋಡಿ” ಎಂದಳು. ‘ಯಾಕೋ ಸರಿ ಕಾಣುತ್ತಿಲ್ಲ’ ಎಂದಷ್ಟೇ ಹೇಳಿದ್ದರೆ ಬೆಳಗಿನ ರೌಂಡ್ಸ್ ತನಕ ಕಾಯಿರಿ ಎನ್ನುವ ವೈದ್ಯರೂ ಇದ್ದಾರೆ. ಅಂಕಿ ಹೇಳಿದರೆ ಎದ್ದು ಬರುತ್ತಾರೆ.

ಚಾರ್ಟಿನ ತಾಪತ್ರಯಗಳೂ ಕಡಿಮೆಯಲ್ಲ. ಅದರಲ್ಲಿ ತಾಪಮಾನ ಸೆಲ್ಸಿಯಸ್, ನಮ್ಮ ಥರ್ಮಾಮೀಟರು ಫ್ಯಾರನ್‌ಹೀಟ್. ನಡುರಾತ್ರಿ ಗುಣಾಕಾರ ಭಾಗಾಕಾರ ಯಾರು ಮಾಡುತ್ತಾರೆ? ಎರಡೂ ಅಂಕಿ ಹಾಕಿ ಮರುಮುದ್ರಿಸಿದೆವು. ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಅವರ ಹಾಳೆ ಸದಾ ಕೆಂಪು. ಅಂಥವರಲ್ಲಿ ರಕ್ತದ ಕಾರ್ಬನ್ ಡೈಆಕ್ಸೈಡ್ ಏರಿದವರಿಗೆ ಆಮ್ಲಜನಕದ ಗುರಿ 88ರಿಂದ 92 ಎಂದು ಪ್ರತ್ಯೇಕ ಅಳತೆಯಿದೆ, ಆದರೆ ಅದನ್ನು ಬಳಸಲು ವೈದ್ಯರು ಮೊದಲೇ ಬರೆದು ಸಹಿ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಉಸಿರಿನ ಸಾಲು: ಎಣಿಸದೆ ಎಲ್ಲರಿಗೂ 20 ಬರೆಯುವ ರೂಢಿ. 20 ಎಂದರೆ ಸೊನ್ನೆ ಅಂಕ. ಅಜ್ಜಿಗೂ ಹಾಗೆಯೇ ಬರೆದಿದ್ದರೆ ಒಟ್ಟು 3ರಲ್ಲೇ ನಿಲ್ಲುತ್ತಿತ್ತು.

ಈಗ ಚಾರ್ಟಿನ ಹಿಂಬದಿಯಲ್ಲಿ ಮಾಡಬೇಕಾದ್ದನ್ನು ಅಚ್ಚು ಹಾಕಿಸಿದ್ದೇವೆ: ಲ್ಯಾಕ್ಟೇಟ್ (ಅಂಗಾಂಶಗಳ ಸಂಕಟ ತೋರಿಸುವ ರಕ್ತಪರೀಕ್ಷೆ) ಕಳಿಸಿ, ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದ ಮೇಲೆ ಆಂಟಿಬಯೋಟಿಕ್. ಮೊಬೈಲ್ ಸಂದೇಶವನ್ನೂ ಬಿಟ್ಟಿಲ್ಲ. ಅದು ಚಾರ್ಟಿನ ಅಂಕ 5 ಮುಟ್ಟಿದಾಗ, ಹಾಸಿಗೆ ಸಂಖ್ಯೆ ಮತ್ತು ಅಂಕಗಳ ಸಮೇತ ಹೋಗುತ್ತದೆ. ಕೆಂಪು ಕಿಟಕಿಯನ್ನು ತೆಗೆಸಲು ಅರ್ಜಿ ಕೊಟ್ಟಾಗಿದೆ. ಸಾಫ್ಟ್‌ವೇರಿನವರು ಕಾರಣ ಬರೆದುಕೊಡಿ ಎಂದಿದ್ದಾರೆ.