ಮಲ್ಪೆಯ ಸೀ ವಾಕ್: ದುಡಿಯುವ ಬಂದರಿನ ಅಂಚಿನ ಕಾಲುದಾರಿ

ಉಡುಪಿ ಸಮೀಪದ ಮಲ್ಪೆಯ ಅಳಿವೆಯ, ಅಂದರೆ ಹೊಳೆಬಾಯಿಯ, ಬಳಿ ಕಲ್ಲಿನ ತಡೆಗೋಡೆಯ ಮೇಲೆ 2018ರಲ್ಲಿ ತೆರೆದ ಸೀ ವಾಕ್‌ ಬಗ್ಗೆ ಕೇಳಿಬರುವ ಮೆಚ್ಚುಗೆಯಲ್ಲಿ ಬಹುಪಾಲು ಸೂರ್ಯಾಸ್ತಕ್ಕೇ ಸಲ್ಲುತ್ತದೆ. ಆದರೆ ಸೂರ್ಯಾಸ್ತವನ್ನು ನಮ್ಮ ಕರಾವಳಿಯ ಯಾವ ದಂಡೆಯಲ್ಲಿ ನಿಂತರೂ ನೋಡಬಹುದು. ಈ ದಾರಿಯ ನಿಜವಾದ ಬೆಲೆ ಇರುವುದು ಇನ್ನೊಂದು ಮಗ್ಗುಲಲ್ಲಿ: ಕಡಲಿಗೆ ಮುಖ ಮಾಡಿ ನಡೆದರೆ ಬಲಕ್ಕೆ ಬೀಚು, ಎಡಕ್ಕೆ ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರಿಗೆ ಬೋಟುಗಳು ಹೋಗಿಬರುವ ಹಾದಿ.

ಹೊಳೆ ಕಡಲನ್ನು ಸೇರುವ ಕಡೆ ಮರಳು ಸದಾ ಜಾಗ ಬದಲಿಸುತ್ತಿರುತ್ತದೆ. ಹೂಳಿನ ಮೇಲೆ ಅಲೆ ಒಡೆಯುವ ಹೊತ್ತಿನಲ್ಲಿ ಅಳಿವೆ ದಾಟುವುದೇ ಮೀನುಗಾರನಿಗೆ ದೊಡ್ಡ ಅಪಾಯ. ಆ ಅಪಾಯವನ್ನು ತಗ್ಗಿಸುವುದಕ್ಕೆ ಹಾಕಿದ ಕಲ್ಲುಗಳ ಮೇಲೆಯೇ ಇಂದು ನಾವು ವಿಹಾರಕ್ಕೆ ನಡೆಯುತ್ತಿದ್ದೇವೆ. ಅರ್ಧ ಕಿಲೋಮೀಟರಿಗೂ ಕಡಿಮೆ ಉದ್ದದ ಈ ದಾರಿಯನ್ನು ಹತ್ತೇ ನಿಮಿಷದಲ್ಲಿ ಮುಗಿಸಬಹುದಾದರೂ, ನಾನು ಹೋದಾಗಲೆಲ್ಲ ಒಂದೂವರೆ ಗಂಟೆಗೆ ಕಡಿಮೆಯಿಲ್ಲದಂತೆ ಅಲ್ಲಿ ಕಳೆದಿದ್ದೇನೆ.

ಹೋಗಬೇಕಾದದ್ದು ಬೆಳಗಿನ ಹೊತ್ತು. ಆಳಸಮುದ್ರದ ಟ್ರಾಲ್‌ಬೋಟುಗಳು ಹತ್ತು ದಿನಗಳ ತನಕ ಕಡಲಲ್ಲೇ ಇದ್ದು ಮರಳುತ್ತವೆ. ಬಂಗುಡೆ, ಬೂತಾಯಿಗಳ ಹಿಂಡನ್ನು ಸುತ್ತುಬಲೆಯಲ್ಲಿ ಹಿಡಿಯುವ ಪರ್ಸೀನ್ ಬೋಟುಗಳು ತುಂಬ ಜನರನ್ನು ಹೊತ್ತು ಸಾಗುತ್ತವೆ. ಕಟಾಂಜನಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತರೆ, ತುಂಬಿ ಬಂದ ಬೋಟು ನೀರಿನಲ್ಲಿ ಎಷ್ಟು ತಗ್ಗಿ ಬರುತ್ತದೆ, ಬರಿದಾಗಿ ಬಂದದ್ದು ಎಷ್ಟು ಮೇಲೆ ತೇಲುತ್ತದೆ ಎಂಬುದು ನಮ್ಮ ಕಣ್ಣಿಗೂ ತಿಳಿಯತೊಡಗುತ್ತದೆ. ಗರುಡಗಳು ಬೋಟಿನ ಮೇಲೆ ಸುತ್ತು ಹೊಡೆಯುತ್ತಿದ್ದರೆ ಮೀನು ಇದೆ ಎಂದೇ ಲೆಕ್ಕ.

ಬಂದರಿನ ಎದುರಿಗೆ, ಬಿದನೂರಿನ ಅರಸ ಬಸವಪ್ಪ ನಾಯಕ ಕೋಟೆ ಕಟ್ಟಿಸಿದ ದರಿಯಾ ಬಹದ್ದೂರ್‌ಗಡದ ನಡುಗಡ್ಡೆಯಿದೆ. ಬಲಗಡೆ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪದ ತೆಂಗುಗಳು. ಕೃಷ್ಣನ ವಿಗ್ರಹವಿದ್ದ ಗೋಪೀಚಂದನದ ಗಡ್ಡೆಯನ್ನು ಹೊತ್ತ ಹಡಗು ಬಿರುಗಾಳಿಗೆ ಸಿಕ್ಕಾಗ ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರು ಎಂಬ ಐತಿಹ್ಯವೂ ಈ ಕಡಲಿನದೇ. ಇಷ್ಟೆಲ್ಲ ಇರುವ ಜಾಗದಲ್ಲಿ, ನೋಡುವವನಿಗೆ ತಿಳಿಹೇಳುವ ನಾಲ್ಕು ಒಳ್ಳೆಯ ಫಲಕಗಳು ಇರಲೇಬೇಕು. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಏಳು ಮೀನುಗಾರರು ಮರಳಲಿಲ್ಲ. ದಾರಿ ತೆರೆದ ವರ್ಷವೇ ನಡೆದ ಆ ದುರಂತಕ್ಕೆ ದಾರಿಯ ತುದಿಯಲ್ಲೊಂದು ನೆನಪಿನ ಕಲ್ಲು ನಿಲ್ಲಬೇಕೆಂಬುದು ನನ್ನ ಬಲವಾದ ಆಸೆ.

ಕೊರತೆಗಳನ್ನೂ ಹೇಳಬೇಕು. ಮೂರು ಕಡೆ ನೀರಿರುವ ದಾರಿಯಲ್ಲಿ ನೆರಳಿಲ್ಲ. ಒಂಬತ್ತು ಗಂಟೆ ದಾಟಿದರೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬಾರದು. ಸಂಜೆ, ಅದರಲ್ಲೂ ಭಾನುವಾರ, ಜನಸಂದಣಿಯಲ್ಲಿ ಬೋಟಿನ ಸದ್ದೂ ಕಿವಿಗೆ ಬೀಳುವುದಿಲ್ಲ. ಫೋಟೋಕ್ಕಾಗಿ ಕಟಾಂಜನ ದಾಟಿ ಕಲ್ಲುಗಳ ಮೇಲೆ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ, ಏಕೆಂದರೆ ಆ ಕಲ್ಲುಗಳಿಗೆ ಹತ್ತಿದ ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಸೈಕಲ್ ತುಳಿಯುವವರಿಗೆ ಈ ದಾರಿಯೇ ಗುರಿಯಲ್ಲ. ಸೈಕಲ್ಲನ್ನು ಹೊರಗೆ ಬಿಟ್ಟು ನಡೆದು ಬಂದು, ಆಮೇಲೆ ಬಂದರಿನ ಕಡೆಯಿಂದ ಸಾಗಿ ಸೇತುವೆ ದಾಟಿ ಹೊಳೆಯಾಚೆಯ ಪಡುಕರೆಗೆ ಹೋಗುವುದು ನನ್ನ ಕ್ರಮ. ಬೋಟುಗಳು ಮೀನು ಇಳಿಸುವ ದಕ್ಕೆಯ ಬಳಿ ಇಳಿದು ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕು: ನೆಲ ಒದ್ದೆ, ಐಸು ತುಂಬಿದ ಲಾರಿಗಳು, ಏಲದ ಗಡಿಬಿಡಿ, ಮೀನಿನ ಬುಟ್ಟಿ ಹೊತ್ತು ಓಡಾಡುವ ಹೆಂಗಸರು. ಅಲ್ಲಿ ದಾರಿಯ ಹಕ್ಕು ಅವರದು. ಬಂದರಿನ ಕೆಲಸಕ್ಕೆ ಅಡ್ಡಿಯಾಗದಂತೆ ಅಂಚಿನಲ್ಲಿ ಒಂದು ಗೆರೆ ಎಳೆದು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರೆ, ಸೀ ವಾಕಿನಿಂದ ಪಡುಕರೆಯವರೆಗೆ ಒಂದೇ ಪಯಣವಾಗುತ್ತದೆ. ಸೇತುವೆ ದಾಟಿದ ಮೇಲೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮನೆ, ತೆಂಗು, ಒಣಗಲು ಹಾಕಿದ ಬಲೆ. ತೆಂಕಣಕ್ಕೆ ತುಳಿಯುತ್ತ ಹೋದರೆ ಗುಳ್ಳ ಎಂಬ ಬದನೆ ಬೆಳೆಯುವ ಮಟ್ಟು ಊರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ 61 ದಿನ ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಮಳೆಗಾಲದಲ್ಲಿ ಹೋಗುವವರು ಕಡಲಿನ ಸ್ಥಿತಿಯನ್ನೂ ಪ್ರವೇಶವನ್ನೂ ವಿಚಾರಿಸಿಕೊಂಡೇ ಹೊರಡಬೇಕು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟು: ಶ್ರಾವಣದ ನೂಲು ಹುಣ್ಣಿಮೆಗೆ ಮೀನುಗಾರ ಸಮುದಾಯದ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲಿನ ವಾರಗಳಲ್ಲಿ, ಬೆಳಗಿನ ಆರೂವರೆಯ ಒಳಗೆ ಅಲ್ಲಿರಿ.