ಗಾರೆ ಕೆರೆಯಲು ತಿರುಗುವ ಬಿಟ್ ಒಳ್ಳೆಯದೇ, ಉಳಿ ಒಳ್ಳೆಯದೇ?

ಹಳೆಯ ಗೋಡೆಯ ಸಂದುಗಳಿಗೆ ಹೊಸ ಗಾರೆ ತುಂಬುವ ಮೊದಲು, ಸವೆದ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ತೆಗೆಯಬೇಕು. ಡ್ರಿಲ್‌ಗೆ ಸಿಕ್ಕಿಸುವ, ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ತಿರುಗುವ ಬಿಟ್ ಮೃದುವಾದ ಸುಣ್ಣದ ಗಾರೆಯನ್ನು ಬೇಗ ಪುಡಿಮಾಡುತ್ತದೆ. ಆದರೆ ಅದನ್ನು ಸಂದಿನುದ್ದಕ್ಕೂ ಪಕ್ಕಕ್ಕೆ ಒತ್ತಿ ಎಳೆಯಬೇಕಾಗುವುದರಿಂದ ಸಾಧಾರಣ ಡ್ರಿಲ್‌ನ ಬೇರಿಂಗ್ ಸವೆಯುತ್ತದೆ, ಕೈ ತುಸು ಜಾರಿದರೂ ಇಟ್ಟಿಗೆಯ ಅಂಚು ಹಾಳಾಗುತ್ತದೆ. ಎಸ್‌ಡಿಎಸ್ ಪ್ಲಸ್ (ಬಿಟ್ಟನ್ನು ಒತ್ತಿ ಸಿಕ್ಕಿಸುವ ಒಂದು ಬಗೆಯ ಜೋಡಣೆ) ಇರುವ ರೋಟರಿ ಹ್ಯಾಮರ್‌ಗೆ, ಅಂದರೆ ತಿರುಗಿಸುತ್ತಲೇ ಬಡಿಯಬಲ್ಲ ಡ್ರಿಲ್‌ಗೆ ಜೋಡಿಸಿ, ತಿರುಗುವಿಕೆ ನಿಲ್ಲಿಸಿ ಬಡಿತದಿಂದಷ್ಟೇ ಬಳಸುವ ಕಿರಿದಾದ ಉಳಿಯು ಗಟ್ಟಿ ಸಿಮೆಂಟ್ ಗಾರೆಗೂ, ಅಗಲ ಒಂದೇ ಸಮನಿಲ್ಲದ ಕಲ್ಲಿನ ಸಂದುಗಳಿಗೂ ಹೊಂದುತ್ತದೆ. ನಿಧಾನವಾದರೂ ಕಲ್ಲುಗೋಡೆಗೆ ನಾನು ಇದನ್ನೇ ಆರಿಸುತ್ತೇನೆ. ಬೆರಳಿನಿಂದ ಕೆರೆದರೂ ಉದುರುವಂಥ ಮೆದು ಇಟ್ಟಿಗೆಯ ಗೋಡೆಗೆ ಎರಡೂ ಬೇಡ, ಸುತ್ತಿಗೆ ಮತ್ತು ಕೈ ಉಳಿಯೇ ಲೇಸು. ಗಾರೆಯ ಮರಳಿನಿಂದೇಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಕೆಡಿಸುವುದರಿಂದ, ಯಾವುದನ್ನೇ ಬಳಸಿದರೂ ಎನ್95 ಮಾಸ್ಕ್ ಮತ್ತು ಕನ್ನಡಕವನ್ನು ದಯವಿಟ್ಟು ಧರಿಸಿರಿ.