ಅಲಮೀಡಾ ಕ್ರೀಕ್ ಟ್ರೇಲ್: ಏರಿ ಮೇಲೆ ಸೈಕಲ್, ಒಂದೂ ಸಿಗ್ನಲ್ ಇಲ್ಲದ ದಾರಿ

ಅಪ್ಪ ಮಂಡ್ಯದಿಂದ ಬಂದು ಮೂರು ವಾರ ಆಗಿತ್ತು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಕಾರು ಓಡಿಸಲು ಬಾರದವರು ಯಾರಾದರೂ ಕರೆದುಕೊಂಡು ಹೋಗುವವರೆಗೂ ಮನೆಯಲ್ಲೇ ಕಾಯಬೇಕು. ಬೆಳಿಗ್ಗೆ ಕಾಫಿ ಕುಡಿದು ಕಿಟಕಿ ಪಕ್ಕ ಕೂತರೆ ಮತ್ತೆ ಊಟಕ್ಕೇ ಏಳುತ್ತಿದ್ದರು. ವಯಸ್ಸು 66. ರಿಟೈರ್ ಆಗುವ ದಿನದವರೆಗೂ ಸ್ಕೂಲಿಗೆ ಸೈಕಲ್‌ನಲ್ಲೇ ಹೋಗಿ ಬಂದ ಮೇಷ್ಟ್ರು ಅವರು, ಹಾಗೆ ಸುಮ್ನೆ ಕೂತಿರುವುದನ್ನು ನೋಡುವುದಕ್ಕೇ ನನಗೆ ಕಷ್ಟ ಆಗುತ್ತಿತ್ತು. ಸೈಕಲ್ ಕೊಡಿಸೋಣ ಅಂದರೆ ರಸ್ತೆಗೆ ಬಿಡುವುದಕ್ಕೆ ಭಯ. ಗಾಡಿಗಳೆಲ್ಲ ಬಲಗಡೆ ಓಡುವ ಊರು, ಎಡಗಡೆ ಅಭ್ಯಾಸ ಇರುವವರು ತಿರುವಿನಲ್ಲಿ ಒಂದು ಕ್ಷಣ ಮರೆತರೂ ಸಾಕು, ಅಲ್ವಾ?

ಹಾಗಾಗಿ ಹುಡುಕಿದ್ದು ಅಲಮೀಡಾ ಕ್ರೀಕ್ ರೀಜನಲ್ ಟ್ರೇಲ್. ಈ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿ ಹದಿನೈದು ಸಲಕ್ಕಿಂತ ಜಾಸ್ತಿ ಸೈಕಲ್ ಹೊಡೆದಿದ್ದೇವೆ. ಈ ಕಡೆ ಇರುವ ಕನ್ನಡದವರಿಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದಾರಿ ಹೇಗಿದೆ ಅಂತ ಹೇಳ್ತೀನಿ. ನೈಲ್ಸ್ ಕಣಿವೆಯ ಬಾಯಿಂದ ಶುರುವಾಗಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯವರೆಗೆ 12 ಮೈಲಿ, ಅಂದರೆ ಸುಮಾರು 19 ಕಿಲೋಮೀಟರ್. ಅಲಮೀಡಾ ಕ್ರೀಕ್ ಅನ್ನುವ ಹಳ್ಳದ ಎರಡೂ ದಡದಲ್ಲಿ ದಾರಿ ಇದೆ. ದಕ್ಷಿಣ ದಡದ್ದು ಡಾಂಬರು ಹಾಕಿದ ದಾರಿ, ಸೈಕಲ್‌ಗೆ ಅದೇ ಸರಿ. ಉತ್ತರ ದಡದ್ದು ಮಣ್ಣು ಜಲ್ಲಿ, ಕುದುರೆ ಮೇಲೆ ಬರುವವರೂ ಅಲ್ಲಿ ಸಿಗುತ್ತಾರೆ. ನಾನು ಈ ದಾರಿಗೆ ಮನಸೋತಿದ್ದಕ್ಕೆ ದೊಡ್ಡ ಕಾರಣ ಒಂದೇ: ಎಲ್ಲೂ ರಸ್ತೆ ದಾಟುವ ಹಾಗಿಲ್ಲ. ದೊಡ್ಡ ರಸ್ತೆ ಬಂತು ಅಂದರೆ ದಾರಿ ಇಳಿದು ಸೇತುವೆ ಕೆಳಗೆ ನುಗ್ಗಿ ಆಚೆ ಕಡೆ ಏರುತ್ತದೆ. ಮೇಲೆ ಹೈವೇಯಲ್ಲಿ ಲಾರಿಗಳು ಗುಡುಗುಡು ಅಂತಿರುತ್ತವೆ, ಬಾರ್ಟ್ ರೈಲು ಹೋಗುತ್ತಿರುತ್ತದೆ, ಕೆಳಗೆ ನಾವು ನಮ್ಮ ಪಾಡಿಗೆ ಪೆಡಲ್ ತುಳಿಯುತ್ತಾ ಹೋಗಬಹುದು.

ಮೊದಲ ದಿನ ಅಪ್ಪ ಹತ್ತು ನಿಮಿಷ ಮಾತೇ ಆಡಲಿಲ್ಲ. ಕಾಲು ನೆಲಕ್ಕೆ ತಾಗುವಷ್ಟು ಸೀಟು ಇಳಿಸಿಕೊಟ್ಟಿದ್ದೆ, ಆದರೂ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದರು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು. ಎರಡನೇ ಸೇತುವೆ ದಾಟಿ ಮೇಲೆ ಬಂದಾಗ ಎಡಗೈ ಬಿಟ್ಟು ಹಳ್ಳದ ಕಡೆ ತೋರಿಸಿ, "ಇದು ನಮ್ಮ ನಾಲೆ ಏರಿನೇ ಕಣವ್ವ" ಅಂದರು. ನಿಜ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಓಡಾಡಿದವರಿಗೆ ಈ ದಾರಿ ಗುರುತು ಸಿಕ್ಕೇ ಸಿಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಮನೆಗಳು, ನಾವು ಮಧ್ಯದಲ್ಲಿ ಎತ್ತರದಲ್ಲಿ. ಗದ್ದೆ ಬಯಲಿನ ಜಾಗದಲ್ಲಿ ಇಲ್ಲಿ ಹಿತ್ತಿಲ ಬೇಲಿಗಳು, ಅಷ್ಟೇ.

ಅದು ಏರಿಯ ಥರ ಇರುವುದಕ್ಕೂ ಕಾರಣ ಇದೆ. 1955ರ ಡಿಸೆಂಬರ್‌ನಲ್ಲಿ ಈ ಹಳ್ಳ ಉಕ್ಕಿ ಈ ಭಾಗಕ್ಕೆಲ್ಲ ದೊಡ್ಡ ನೆರೆ ಬಂದಿತ್ತು. ಆಮೇಲೆ ಅಮೆರಿಕದ ಸೇನೆಯ ಎಂಜಿನಿಯರ್‌ಗಳು ಹಳ್ಳವನ್ನು ಅಗಲ ಮಾಡಿ ಎರಡೂ ಕಡೆ ಏರಿ ಕಟ್ಟಿದರು. ಆ ಏರಿಯೇ ಈಗ ನಮಗೆ ಸೈಕಲ್ ದಾರಿ. ನೋಡಿಕೊಳ್ಳುವುದು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್. ಈ ಪಾರ್ಕ್ ಸಂಸ್ಥೆ ಶುರುವಾದದ್ದು 1934ರಲ್ಲಿ, ಜನರ ಕೈಯಲ್ಲಿ ದುಡ್ಡೇ ಇಲ್ಲದ ಆರ್ಥಿಕ ಕುಸಿತದ ಕಾಲ. ಆಗಲೂ ಓಕ್ಲೆಂಡ್, ಬರ್ಕ್ಲಿ ಸುತ್ತಲಿನ ಜನ ಪಾರ್ಕ್ ಬೇಕು ಅಂತ ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗಲೆಲ್ಲ ನನಗೆ ಆ ಜನ ನೆನಪಾಗುತ್ತಾರೆ.

ಅಪ್ಪನಿಗೆ ತುಂಬ ಹಿಡಿಸಿದ್ದು ರಬ್ಬರ್ ಕಟ್ಟೆ. ನೈಲ್ಸ್ ಕಡೆಯ ಭಾಗದಲ್ಲಿ ಹಳ್ಳಕ್ಕೆ ಅಡ್ಡವಾಗಿ ಟ್ಯೂಬಿನ ಥರ ಊದುವ ಕಟ್ಟೆ ಹಾಕಿದ್ದಾರೆ. ಊದಿದಾಗ ನೀರು ನಿಲ್ಲುತ್ತದೆ, ಜೋರು ಮಳೆ ಬಂದಾಗ ಮಲಗಿಸುತ್ತಾರೆ. ನಿಂತ ನೀರು ಮೆಲ್ಲಗೆ ನೆಲಕ್ಕೆ ಇಂಗುತ್ತದೆ, ಹಾಗೆ ಇಂಗಿದ ನೀರನ್ನೇ ಬಾವಿಗಳಿಂದ ಎತ್ತಿ ನಮ್ಮೂರಿನ ನಲ್ಲಿಗೆ ಬರುವ ನೀರಿಗೆ ಸೇರಿಸುತ್ತಾರೆ. ಪಕ್ಕದಲ್ಲೇ ಮೀನು ಹತ್ತಿ ಹೋಗಲಿಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಲುವೆ ಇದೆ, ಸಮುದ್ರದಿಂದ ಮೊಟ್ಟೆ ಇಡಲು ಬರುವ ಸ್ಟೀಲ್‌ಹೆಡ್ ಮೀನುಗಳಿಗೆ. ಅಪ್ಪ ಬೇಲಿ ಹಿಡಿದು ಕಾಲು ಗಂಟೆ ನಿಂತು ನೋಡಿದರು. ಅಮ್ಮನಿಗೆ ಫೋನ್ ಮಾಡಿ ಮೀನಿಗೂ ಮೆಟ್ಟಿಲು ಕಟ್ಟವ್ರೆ ಅಂತ ಹೇಳಿದರು.

ಈಗ ಗಾಳಿ ವಿಷಯ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೊಲ್ಲಿ ಕಡೆಯಿಂದ ಜೋರು ಗಾಳಿ ಏಳುತ್ತದೆ. ಒಂದು ಸಲ ನಾವು ಕಾರನ್ನು ಕೊಲ್ಲಿ ಕಡೆಯ ತುದಿಯ ಕಯೋಟಿ ಹಿಲ್ಸ್ ಪಾರ್ಕಿನಲ್ಲಿ ನಿಲ್ಲಿಸಿ ಅಲ್ಲಿಂದ ನೈಲ್ಸ್ ಕಡೆಗೆ ಹೊರಟೆವು. ಹೋಗುವಾಗ ಯಾರೋ ಬೆನ್ನು ಹಿಡಿದು ತಳ್ಳಿದ ಹಾಗೆ, ಎಷ್ಟು ಆರಾಮ ಅಂದರೆ ಎಷ್ಟು ದೂರ ಬಂದೆವು ಅನ್ನುವುದೇ ತಿಳಿಯಲಿಲ್ಲ. ವಾಪಸು ತಿರುಗಿದಾಗ ಎದುರು ಗಾಳಿ. ಅಪ್ಪ ಮೂರು ಕಡೆ ಇಳಿದು ತಳ್ಳಿಕೊಂಡು ಬಂದರು, ಮುಖ ಕೆಂಪಾಗಿತ್ತು, ನನಗೆ ಕೈಕಾಲು ಆಡಲಿಲ್ಲ. ಆವತ್ತಿಂದ ನೈಲ್ಸ್‌ನಿಂದಲೇ ಶುರು ಮಾಡ್ತೀವಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಗಾಳಿ ಇನ್ನೂ ಎದ್ದಿರುವುದಿಲ್ಲ, ವಾಪಸು ಬರುವಾಗ ಎದ್ದರೂ ಹಿಂದಿನಿಂದ ತಳ್ಳುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದೊಂದನ್ನು ದಯವಿಟ್ಟು ಮರೆಯಬೇಡಿ. ಓಲ್ಡ್ ಕ್ಯಾನ್ಯನ್ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಜಾಗ ಇದೆ, ಕಾಸು ಕೊಡಬೇಕಿಲ್ಲ. ಶನಿವಾರ ಭಾನುವಾರ ಬೇಗ ತುಂಬುತ್ತದೆ. ಕಯೋಟಿ ಹಿಲ್ಸ್‌ನಲ್ಲಿ ನಾವು ಕಾರಿಗೆ 5 ಡಾಲರ್ ಕೊಟ್ಟೆವು.

ಎರಡನೇದು ಮುಳ್ಳು. ಜುಲೈನಲ್ಲಿ ಒಂದು ದಿನ ಅಪ್ಪನ ಹಿಂದಿನ ಚಕ್ರ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿ ಟೈರನ್ನು ಮೆಲ್ಲಗೆ ತಿರುಗಿಸುತ್ತಾ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಉಗುರಲ್ಲಿ ಕಿತ್ತು ನನ್ನ ಅಂಗೈ ಮೇಲೆ ಇಟ್ಟರು: ಒಣಗಿದ, ಬೂದು ಬಣ್ಣದ, ಎರಡು ಕೊಂಬಿನ ಚಿಕ್ಕ ಕಾಯಿ. "ನೆಗ್ಗಿಲು ಮುಳ್ಳು!" ಅಂದರು, ಹಳೇ ನೆಂಟರು ಸಿಕ್ಕಿದ ಹಾಗೆ. ಇಲ್ಲಿನವರು ಗೋಟ್‌ಹೆಡ್ ಅನ್ನುವುದು ಇದನ್ನೇ, ಗಿಡವೂ ಅದೇ, ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಹಬ್ಬುತ್ತದಲ್ಲ, ಅದು. ನೀರಿನ ತೊಟ್ಟಿ ಇಲ್ಲದೆ ಪಂಕ್ಚರ್ ಹೇಗೆ ಹುಡುಕುವುದು ಅಂತ ನಾನು ಯೋಚಿಸುತ್ತಿದ್ದರೆ, ಅವರು ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ಕೆನ್ನೆ ಹತ್ತಿರ ಹಿಡಿದು ಸುತ್ತ ತಿರುಗಿಸಿದರು, ತಣ್ಣಗೆ ತಾಕಿದ ಜಾಗಕ್ಕೆ ಎಂಜಲು ಹಚ್ಚಿದರು, ಗುಳ್ಳೆ ಬಂತು. ಹತ್ತು ನಿಮಿಷದಲ್ಲಿ ಪ್ಯಾಚ್ ಹಾಕಿ ಹೊರಟೆವು. ಆಮೇಲೆ ತೂತು ತಾನೇ ಮುಚ್ಚುವ ಹಸಿರು ದ್ರಾವಣವನ್ನು ಎರಡೂ ಟ್ಯೂಬಿಗೆ ತುಂಬಿಸಿದೆ, ತೊಂದರೆ ಆಗಿಲ್ಲ. ನೀವು ಹೋಗುವುದಾದರೆ ಡಾಂಬರು ಬಿಟ್ಟು ಅಂಚಿನ ಒಣಹುಲ್ಲಿಗೆ ಚಕ್ರ ಇಳಿಸಬೇಡಿ. ಪ್ಯಾಚು, ಚಿಕ್ಕ ಪಂಪು ಇಟ್ಟುಕೊಳ್ಳಿ.

ಕೊರತೆಗಳೂ ಇವೆ. ನೆರಳು ಇಲ್ಲವೇ ಇಲ್ಲ ಅನ್ನಬಹುದು, ಹತ್ತು ಗಂಟೆ ಮೇಲೆ ಬಿಸಿಲು ನೇರ ತಲೆ ಮೇಲೆ. ನಡುವೆ ಕುಡಿಯುವ ನೀರಿನದೂ ಶೌಚಾಲಯದ್ದೂ ಕಷ್ಟ, ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ, ಹೊರಡುವ ಮೊದಲೇ ಮುಗಿಸಿಕೊಂಡು ಎರಡೆರಡು ಬಾಟಲಿ ನೀರು ಇಟ್ಟುಕೊಂಡು ಹೋಗಬೇಕು. ಸೇತುವೆ ಕೆಳಗಿನ ಇಳಿಜಾರುಗಳಲ್ಲಿ ಎದುರಿನವರು ಕಾಣುವುದಿಲ್ಲ. ಅಲ್ಲಿ ಒಮ್ಮೆ ಎಲೆಕ್ಟ್ರಿಕ್ ಸೈಕಲ್‌ನವರೊಬ್ಬರು ಬೆಲ್ ಮಾಡದೆ ಅಪ್ಪನ ಮೊಣಕೈ ಸವರಿಕೊಂಡು ಹೋದರು. ಪಾರ್ಕಿನವರ ನಿಯಮ ಗಂಟೆಗೆ 15 ಮೈಲಿ ಮೀರಬಾರದು ಅಂತ ಇದೆ, ನಡೆಯುವವರಿಗೂ ಕುದುರೆಗೂ ಸೈಕಲ್‌ನವರೇ ದಾರಿ ಬಿಡಬೇಕು. ಎಲ್ಲರೂ ಪಾಲಿಸಿದರೆ ಈ ದಾರಿಯಲ್ಲಿ ಭಯವೇ ಇರುವುದಿಲ್ಲ. ನಾನಂತೂ ಇಳಿಜಾರು ಬಂದ ಕೂಡಲೇ ಬೆಲ್ ಹೊಡೆಯುತ್ತೇನೆ, ಅಪ್ಪನಿಗೂ ಅದೇ ಹೇಳಿಕೊಟ್ಟಿದ್ದೇನೆ. ಮಳೆಗಾಲದಲ್ಲಿ ಈ ಕೆಳದಾರಿಗಳಲ್ಲಿ ನೀರು ನುಗ್ಗಿ ಮುಚ್ಚಿರುತ್ತವೆ, ಆಗ ರಸ್ತೆ ಮೇಲೆ ಹತ್ತಿಯೇ ದಾಟಬೇಕು, ಹಾಗಾಗಿ ದೊಡ್ಡವರ ಜೊತೆ ಆಗ ಹೋಗಬೇಡಿ.

ಇಷ್ಟೆಲ್ಲ ಆದಮೇಲೆ ಸಿಗುವುದು ಕಯೋಟಿ ಹಿಲ್ಸ್. ಕೊಲ್ಲಿಯ ಅಂಚಿನ ಪುಟ್ಟ ಗುಡ್ಡಗಳು, ಕೆಳಗೆ ಜೊಂಡು ತುಂಬಿದ ಜೌಗು. ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ವಾಸ ಮಾಡಿದ ಜಾಗ ಇಲ್ಲೇ ಇದೆ. ಗುಡ್ಡ ಸುತ್ತುವ ಬೇವ್ಯೂ ಟ್ರೇಲ್ ಸುಮಾರು 3.5 ಮೈಲಿ, ಡಾಂಬರು ದಾರಿ, ಆದರೆ ಒಂದೆರಡು ಕಡೆ ಏರು ಜಾಸ್ತಿ. ಅಲ್ಲಿ ಅಪ್ಪ ಇಳಿದು ನಡೆದರು, ನಾನೂ ಇಳಿದೆ. ಪಶ್ಚಿಮದ ಬದಿಗೆ ಬಂದಾಗ ಕೊಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ: ಉಪ್ಪಿನ ಮಡಿಗಳು, ದೂರದಲ್ಲಿ ಡಂಬಾರ್ಟನ್ ಸೇತುವೆ, ನೀರಿನ ಮೇಲೆ ಸಾಲಾಗಿ ಬಿಳಿ ಹೆಜ್ಜಾರ್ಲೆಗಳು. ಕೊಕ್ಕರೆ ಬೆಳ್ಳೂರು ನಮ್ಮೂರಿಂದ ದೂರವೇನಲ್ಲ, ಹೆಜ್ಜಾರ್ಲೆ ಅಪ್ಪನಿಗೆ ಹೊಸದಲ್ಲ, ಆದರೂ ಎಷ್ಟಿವೆ ಅಂತ ಬೆರಳು ಮಡಚಿ ಎಣಿಸಿದರು. ನಾವು ಅಲ್ಲೇ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚುತ್ತೇವೆ. ವಿಸಿಟರ್ ಸೆಂಟರ್ ಹತ್ತಿರ ಶೌಚಾಲಯ, ನೀರು ಎರಡೂ ಇವೆ.

ಪೂರ್ತಿ ದೂರ ಮೊದಲ ದಿನವೇ ಬೇಡ. ನಾವು ಮೊದಲ ವಾರ ಮೂರು ಮೈಲಿ ಹೋಗಿ ತಿರುಗಿದೆವು, ಆಮೇಲೆ ಐದು, ಕಯೋಟಿ ಹಿಲ್ಸ್ ತಲುಪಿದ್ದು ಐದನೇ ವಾರದಲ್ಲಿ. ದಪ್ಪ ಟೈರಿನ, ನೆಟ್ಟಗೆ ಕೂರುವ ಸೈಕಲ್ ಸಾಕು, ರೇಸಿಂಗ್ ಸೈಕಲ್ ಬೇಕಿಲ್ಲ. ಸಾದಾ ಸೈಕಲ್‌ಗೆ ಹೆಲ್ಮೆಟ್ ಕಾನೂನು ಇರುವುದು 18 ವರ್ಷದ ಒಳಗಿನವರಿಗೆ ಮಾತ್ರ, ಆದರೆ ಅಪ್ಪನಿಗೂ ಹಾಕಿಸಿದ್ದೇನೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ನೆರಳು, ನೀರಿಗೆ. ಅಪ್ಪ ಅಕ್ಟೋಬರ್‌ನಲ್ಲಿ ಊರಿಗೆ ಹೊರಡುತ್ತಾರೆ. ಅವರ ಸೈಕಲ್ ಗ್ಯಾರೇಜಿನಲ್ಲೇ ಇರುತ್ತದೆ, ಸೀಟು ಇಳಿಸಿಯೇ ಇದೆ. ನಿಮ್ಮ ಮನೆಗೆ ಊರಿಂದ ಯಾರಾದರೂ ಬಂದಿದ್ದರೆ ಒಂದು ಮಾತು ಹೇಳಿ, ಬಂದು ತೆಗೆದುಕೊಂಡು ಹೋಗಿ.